ನಾಯಿ ಟ್ರೈನರ್ ಆಗೋಕೆ ಯಾವ ಕೋರ್ಸ್ ಮಾಡಲಿ ಅಕ್ಕ?

ಪ್ರಶ್ನೆ (ದಾವಣಗೆರೆಯಿಂದ): ನಮಸ್ಕಾರ ಅಕ್ಕ. ನನಗೆ 24 ವರ್ಷ. ಎರಡು ವರ್ಷದಿಂದ ಒಂದು ನಾಯಿ ಬೋರ್ಡಿಂಗ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ಸಿಟ್, ಸ್ಟೇ ಹೇಳಿಕೊಡುವವರು ಊರ ತುಂಬ ಇದ್ದಾರೆ. ನನಗೆ ತಳಿಯ ಸ್ವಭಾವ, ಊಟ ಎರಡೂ ಗೊತ್ತಿರುವ ಟ್ರೈನರ್ ಆಗಬೇಕೆಂದು ಆಸೆ. ಯಾವ ಕೋರ್ಸ್‌ಗೆ ದುಡ್ಡು ಕಟ್ಟಲಿ?

ಉತ್ತರ: ನಮ್ಮ ದೇಶದಲ್ಲಿ ನಾಯಿ ಟ್ರೈನರ್ ಆಗಲು ಸರ್ಕಾರದ ಪರೀಕ್ಷೆ ಅಂತ ಏನೂ ಇಲ್ಲ. ಬೋರ್ಡ್ ಹಾಕಿದವರೆಲ್ಲ ಟ್ರೈನರ್‌ಗಳೇ. ಅದಕ್ಕೇ ಸರ್ಟಿಫಿಕೇಟ್ ನೋಡಿ ದುಡ್ಡು ಕಟ್ಟಬೇಡಿ. ಕಲಿಸುವವರು ಬೇರೆ ಬೇರೆ ತಳಿಯ ನಾಯಿಗಳನ್ನು ನಿಮ್ಮ ಕೈಗೆ ಕೊಡುತ್ತಾರಾ? ಅವರನ್ನು ಕಂಡರೆ ನಾಯಿಗಳು ಬಾಲ ಅಲ್ಲಾಡಿಸುತ್ತವಾ, ಮುದುಡಿಕೊಳ್ಳುತ್ತವಾ? ಅದನ್ನು ನೋಡಿ. ನಾಯಿಯ ಕತ್ತಿಗೆ ಕಟ್ಟಿ ಕರೆಂಟ್ ಶಾಕ್ ಕೊಡುವ ಪಟ್ಟಿ ಹೊರಗೆ ಬಂದರೆ ಎದ್ದು ಬನ್ನಿ.

ಈಗ ತಳಿ. ತೋಳದ ಬೇಟೆಯಲ್ಲಿ ಒಂದು ಕ್ರಮ ಇದೆ. ಕಣ್ಣಿಡುವುದು, ಹೊಂಚುವುದು, ಅಟ್ಟುವುದು, ಹಿಡಿಯುವುದು, ಕೊಲ್ಲುವುದು. ಮನುಷ್ಯ ಇದರಲ್ಲಿ ತನಗೆ ಬೇಕಾದದ್ದನ್ನು ಬೆಳೆಸಿದ, ಬೇಡದ್ದನ್ನು ಕುಗ್ಗಿಸಿದ. ಬಾರ್ಡರ್ ಕಾಲಿ ದುರುಗುಟ್ಟಿ ನೋಡುತ್ತದೆ, ತಗ್ಗಿ ನಡೆಯುತ್ತದೆ, ಅಟ್ಟುತ್ತದೆ. ಲ್ಯಾಬ್ರಡಾರ್ ಮೆತ್ತಗೆ ಕಚ್ಚಿ ಹಿಡಿದು ತರುತ್ತದೆ. ಇಲಿ ಹೆಗ್ಗಣಕ್ಕೆಂದೇ ಸಾಕಿದ ಟೆರಿಯರ್‌ಗೆ ಹಿಡಿದು ಒದರುವುದೇ ಖುಷಿ. ಬೀಗಲ್‌ಗೆ ಮೂಗು ಬಿಟ್ಟರೆ ಬೇರೆ ಲೋಕವೇ ಇಲ್ಲ.

ಇದು ನನಗೆ ಗೊತ್ತಾಗಿದ್ದು ಒಂದು ಎಡವಟ್ಟಿನಿಂದ. ಶುರುವಿನಲ್ಲಿ ಒಂದು ಮುಧೋಳ ನಾಯಿಗೆ ಲ್ಯಾಬ್ ಥರ ಬಿಸ್ಕತ್ತು ತೋರಿಸಿ ಕಲಿಸಿದೆ. ಮನೆಯೊಳಗೆ ಚೆನ್ನಾಗಿಯೇ ಕೇಳುತ್ತಿತ್ತು. ಬಯಲಿನಲ್ಲಿ ಹಗ್ಗ ಬಿಚ್ಚಿದೆ. ದೂರದಲ್ಲಿ ಒಂದು ಮೇಕೆಮರಿ ಓಡಿತು, ಅಷ್ಟೇ. ಮರಿ ಉಳಿಯಿತು, ಪುಣ್ಯ. ಮೇಕೆಯವರ ಬೈಗುಳ ಇವತ್ತಿಗೂ ನೆನಪಿದೆ. ಕಣ್ಣಿಗೆ ಬಿದ್ದದ್ದನ್ನು ಅಟ್ಟುವುದು ಆ ನಾಯಿಯ ಕಸುಬು. ಅದಕ್ಕೆ ಬಿಸ್ಕತ್ತು ಕೂಲಿಯೇ ಅಲ್ಲ, ಓಟವೇ ಕೂಲಿ. ಯಾವ ನಾಯಿಗೆ ಯಾವುದು ಕೂಲಿ ಅಂತ ಕಂಡುಕೊಂಡರೆ ಅರ್ಧ ಕೆಲಸ ಆಯಿತು.

ಪ್ರಶ್ನೆ (ಜಮಖಂಡಿಯಿಂದ): ಮೇಡಂರೀ, ನಮ್ಮದೂ ಮುಧೋಳ ನಾಯಿನೇ. ಎಂಟು ತಿಂಗಳು. ಕರೆದರೆ ಬರೂದಿಲ್ಲ. ಬಂದ ಮ್ಯಾಲೆ ಎರಡು ಬಾರಿಸಿದರೂ ಬುದ್ಧಿ ಬಂದಿಲ್ಲ.

ಉತ್ತರ: ಬುದ್ಧಿ ಬಂದಿದೆ ರೀ! ಹತ್ತಿರ ಹೋದರೆ ಏಟು ಬೀಳುತ್ತದೆ ಅಂತ ಚೆನ್ನಾಗಿ ಕಲಿತಿದೆ. ಹೊಡೆಯುವುದು ಇವತ್ತೇ ನಿಲ್ಲಿಸಿ. ಹತ್ತು ಮೀಟರ್ ಹಗ್ಗ ಹಾಕಿ. ಕಿವಿ ನೆಟ್ಟಗಾಗಿ ಮೈ ಬಿಗಿ ಹಿಡಿಯುತ್ತದಲ್ಲ, ಅದಕ್ಕೂ ಮೊದಲೇ ಕರೆಯಿರಿ. ಓಟ ಕಿತ್ತ ಮೇಲೆ ಕೂಗಿ ಲಾಭ ಇಲ್ಲ. ಬಂದರೆ ಅದರ ಕೂಲಿ ಕೊಡಿ: ಕೋಲಿಗೆ ಹಗ್ಗ ಕಟ್ಟಿ, ತುದಿಗೆ ಬಟ್ಟೆ ತುಂಡು ಕಟ್ಟಿ, ನೆಲದ ಮೇಲೆ ಎಳೆದಾಡಿಸಿ. ಅಟ್ಟಿ ಹಿಡಿಯಲಿ. ಇನ್ನೂ ಬೆಳೆಯುವ ನಾಯಿ, ಎರಡು ಮೂರು ನಿಮಿಷ ಸಾಕು. ಕುರಿ ಮೇಯುವ ಕಡೆ ಹಗ್ಗ ಬಿಚ್ಚಲೇಬೇಡಿ. ನಿಮಗೆ ತಿಮ್ಮಾಪುರ ಹತ್ತಿರವೇ ಅಲ್ವಾ? ಅಲ್ಲಿ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ. ಮುಧೋಳ ತಳಿಯ ಮೇಲೇ ಕೆಲಸ ಮಾಡುತ್ತಾರೆ, ಒಮ್ಮೆ ಹೋಗಿ ಬನ್ನಿ.

ಪ್ರಶ್ನೆ (ದಾವಣಗೆರೆಯಿಂದ): ಊಟದ ವಿಷಯ ಬಿಟ್ಟೇಬಿಟ್ಟಿರಿ ಅಕ್ಕ.

ಉತ್ತರ: ಬಿಟ್ಟಿಲ್ಲ, ಅದೂ ಇದೇ ಕಥೆ. 2016ರಲ್ಲಿ ಕೇಂಬ್ರಿಡ್ಜ್ ಸಂಶೋಧಕರು ಲ್ಯಾಬ್‌ಗಳಲ್ಲಿ ಒಂದು ಜೀನ್ ದೋಷ ಗುರುತಿಸಿದರು. ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಲ್ಯಾಬ್‌ಗೆ ಅದಿದೆ. ಅಂಥವಕ್ಕೆ ತಿಂಡಿಯ ಆಸೆ ಜಾಸ್ತಿ, ತೂಕವೂ ಜಾಸ್ತಿ. ಕುರುಡರಿಗೆ, ಅಂಗವಿಕಲರಿಗೆ ನೆರವಾಗುವ ಲ್ಯಾಬ್‌ಗಳಲ್ಲಿ ಈ ದೋಷ ಇನ್ನೂ ಹೆಚ್ಚು ಕಂಡಿತು. ಅಂದರೆ ಲ್ಯಾಬ್ ಬೇಗ ಕಲಿಯುವುದಕ್ಕೂ ಬೇಗ ದಪ್ಪ ಆಗುವುದಕ್ಕೂ ನಂಟು ಇರಬಹುದು. ಹಾಗಾಗಿ ಟ್ರೈನಿಂಗ್ ತಿಂಡಿ ದಿನದ ಊಟದ ಹತ್ತನೇ ಒಂದು ಪಾಲು ದಾಟಬಾರದು. ಅಷ್ಟನ್ನು ತಟ್ಟೆಯಿಂದ ಕಳೆಯಿರಿ.

ಮುಧೋಳ ನಾಯಿಯದು ಇದಕ್ಕೆ ಉಲ್ಟಾ. ಕೊನೆಯ ಪಕ್ಕೆಲುಬು ಕಾಣುತ್ತದೆ ಅಂತ ಮನೆಯವರು ಕಂಗಾಲಾಗಿ ತುಂಬಿಸುತ್ತಾರೆ. ಅದರ ಮೈಕಟ್ಟೇ ಹಾಗೆ. ಎದೆ ಆಳ ಇರುವ ನಾಯಿಗಳನ್ನು ಹೊಟ್ಟೆ ತುಂಬ ತಿನ್ನಿಸಿ ಓಡಿಸಲೂ ಬೇಡಿ. ಹೊಟ್ಟೆ ಉಬ್ಬಿ ತಿರುಚಿಕೊಂಡರೆ ಕೆಲವೇ ಗಂಟೆಗಳಲ್ಲಿ ಜೀವಕ್ಕೆ ಕುತ್ತು.

ಪ್ರಶ್ನೆ (ಮೈಸೂರಿನಿಂದ): ನಮ್ಮ ಮನೆಯಲ್ಲಿ ಮಾಂಸ ಮಾಡೋದಿಲ್ಲ. ಮೊಸರನ್ನ ಸಾಕಾ ಮೇಡಂ? ಗ್ರೇಟ್ ಡೇನ್ ಮರಿ, ಕ್ಯಾಲ್ಸಿಯಂ ಸಿರಪ್ ಕೊಡುತ್ತಿದ್ದೇವೆ.

ಉತ್ತರ: ಅನ್ನವನ್ನು ನಾಯಿ ಅರಗಿಸಿಕೊಳ್ಳುತ್ತದೆ. ಆದರೆ ಬರೀ ಮೊಸರನ್ನದಲ್ಲಿ ಬೆಳೆಯುವ ಮರಿಗೆ ಪ್ರೋಟೀನ್ ಸಾಲದು. ದೊಡ್ಡ ತಳಿಯ ಮರಿಗೆ ಅಂತಲೇ ಬರುವ ಪೂರ್ಣ ಆಹಾರದ ಪ್ಯಾಕೆಟ್ ಕೊಡಿ. ಆಗ ಸಿರಪ್ ಬೇಕಿಲ್ಲ. ದೊಡ್ಡ ತಳಿಯಲ್ಲಿ ಕ್ಯಾಲ್ಸಿಯಂ ಜಾಸ್ತಿ ಆದರೂ ಮೂಳೆ ಸೊಟ್ಟಗಾಗುತ್ತದೆ. ಈ ವಾರವೇ ಮರಿಯನ್ನು ಪಶುವೈದ್ಯರಿಗೆ ತೋರಿಸಿ. ಸಾರು ಕಲಸಬೇಡಿ, ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ. ದ್ರಾಕ್ಷಿ, ಚಾಕೊಲೇಟ್ ಕೂಡ.

ದಾವಣಗೆರೆಯವರೇ, ಇದನ್ನು ನೀವೂ ಗಮನಿಸಿ. ಕಿಡ್ನಿ ತೊಂದರೆ, ಸಕ್ಕರೆ ಕಾಯಿಲೆ ಇರುವ ನಾಯಿಗೆ ಪಥ್ಯ ಹೇಳುವುದು ಪಶುವೈದ್ಯರ ಕೆಲಸ, ನಮ್ಮದಲ್ಲ.

ಪ್ರಶ್ನೆ (ದಾವಣಗೆರೆಯಿಂದ): ಕೆಲಸ ಬಿಟ್ಟು ಇದಕ್ಕೇ ಇಳಿಯಲಾ? ಕೆಲವು ದಿನ ನಿಮ್ಮ ಜೊತೆ ಇದ್ದು ನೋಡಬಹುದಾ?

ಉತ್ತರ: ಬೋರ್ಡಿಂಗ್ ಕೆಲಸ ಈಗಲೇ ಬಿಡಬೇಡಿ. ದಿನಾ ಹತ್ತು ತಳಿ ಪುಕ್ಕಟೆ ನೋಡಲು ಸಿಗುವ ಜಾಗ ಅದು. ರಜೆ ಹಾಕಿ ಬನ್ನಿ. ಬರುವ ಮುಂಚೆ ಡಾಕ್ಟರ್ ಹತ್ತಿರ ಹೋಗಿ ರೇಬಿಸ್‌ನ ಮುಂಜಾಗ್ರತೆ ಲಸಿಕೆ ಹಾಕಿಸಿಕೊಳ್ಳಿ. ಬೆಳಿಗ್ಗೆ 6ಕ್ಕೆ ಶುರು. ಒಂದು ನೋಟ್‌ಬುಕ್ ತನ್ನಿ. ಮೊದಲ ವಾರ ನಾಯಿ ಮುಟ್ಟುವ ಹಾಗಿಲ್ಲ, ಸುಮ್ನೆ ಕೂತು ಬರೆಯಬೇಕು.