ಫರ್ನೇಸ್ ನಡುರಾತ್ರಿ ತಣ್ಣನೆಯ ಗಾಳಿ ಊದುತ್ತಿದೆ: ಟಾಹೋ ಪ್ರವಾಸಕ್ಕೆ ಮುಂಚೆ ಪರಿಹಾರ ಬೇಕು

ಕಲ್ಪತರು_ಟ್ರೇಲರ್:
ಸೆಪ್ಟೆಂಬರ್ ಕೊನೆಗೆ ಕ್ಯಾಲಿಫೋರ್ನಿಯಾದ ಲೇಕ್ ಟಾಹೋ ಸರೋವರದ ದಂಡೆಯ ಶುಗರ್ ಪೈನ್ ಪಾಯಿಂಟ್ ಸ್ಟೇಟ್ ಪಾರ್ಕಿನಲ್ಲಿ ಟ್ರೇಲರ್ ನಿಲ್ಲಿಸಿ ತಂಗಲು ಜಾಗ ಸಿಕ್ಕಿದೆ. ಆರು ತಿಂಗಳ ಮುಂಚೆ, ಬೆಳಿಗ್ಗೆ ಎಂಟಕ್ಕೆ ಬುಕಿಂಗ್ ತೆರೆಯುವ ಗಳಿಗೆಯಲ್ಲೇ ಕುಳಿತು ಗಿಟ್ಟಿಸಿದ್ದು. ತುಮಕೂರಿನಿಂದ ಅತ್ತೆ-ಮಾವ ಬರುತ್ತಿದ್ದಾರೆ, ರದ್ದು ಮಾಡುವ ಮಾತೇ ಇಲ್ಲ.

ಸಮಸ್ಯೆ ಟ್ರೇಲರಿನ ಫರ್ನೇಸ್, ಅಂದರೆ ಒಳಗೆ ಬಿಸಿಗಾಳಿ ಊದುವ ಗ್ಯಾಸ್ ಹೀಟರ್. ಮೇ ತಿಂಗಳಲ್ಲಿ ಅದೇ ಸರೋವರಕ್ಕೆ ಹೋದಾಗ ಸಂಜೆಯೆಲ್ಲ ಬೆಚ್ಚಗಿತ್ತು. ಮಧ್ಯರಾತ್ರಿ ಕಳೆದ ಮೇಲೆ ಫ್ಯಾನ್ ಮಾತ್ರ ತಿರುಗುತ್ತದೆ, ತಣ್ಣನೆಯ ಗಾಳಿ ಬರುತ್ತದೆ. ಕೊನೆಗೆ ಅಡುಗೆ ಒಲೆ ಹಚ್ಚಿಟ್ಟು ಬೆಳಗು ಮಾಡಿದೆವು. ಮನೆಗೆ ಬಂದು ನೋಡಿದರೆ ರಾತ್ರಿಯಿಡೀ ಚೆನ್ನಾಗಿ ಉರಿಯುತ್ತದೆ! ಕೊಂಡ ಅಂಗಡಿಗೆ ಎಳೆದುಕೊಂಡು ಹೋದರೆ "ಎಲ್ಲ ಸರಿಯಿದೆ" ಎಂದು ಹಣ ಕಿತ್ತುಕೊಂಡು ಕಳುಹಿಸಿದರು. ಗ್ಯಾಸ್ ತುಂಬಿದೆ. ಯಾರಿಗಾದರೂ ಹೀಗಾಗಿದೆಯೇ?

ಎತ್ತರದ_ಮನುಷ್ಯ:
ಇದರಲ್ಲಿ ಯೋಚಿಸುವುದೇನಿದೆ? ಟಾಹೋ ನೀರಿನ ಮಟ್ಟವೇ ಸುಮಾರು 6,225 ಅಡಿ ಎತ್ತರದಲ್ಲಿದೆ. ಗಾಳಿ ತೆಳು, ಆಮ್ಲಜನಕ ಕಡಿಮೆ, ಬೆಂಕಿ ನಿಲ್ಲುವುದಿಲ್ಲ. ಮನೆ ಇರುವುದು ಸಮುದ್ರಮಟ್ಟದಲ್ಲಿ, ಅಲ್ಲಿ ಸರಿಯಾಗಿಯೇ ಉರಿಯುತ್ತದೆ. ಗ್ಯಾಸ್ ರೆಗ್ಯುಲೇಟರ್ ಬದಲಿಸಿ.

ಶರಾವತಿ_ದಂಡೆ:
ಮೊದಲು ಒಂದು ಮಾತು: ಒಲೆ ಹಚ್ಚಿಟ್ಟು ಮಲಗಬೇಡಿ. ಮುಚ್ಚಿದ ಟ್ರೇಲರಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ತುಂಬಿಕೊಳ್ಳಬಹುದು, ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ವಯಸ್ಸಾದವರನ್ನು ಕರೆದುಕೊಂಡು ಹೋಗುತ್ತಿದ್ದೀರಿ.

ಎತ್ತರದವರೇ, ಸಂಜೆ ಏಳಕ್ಕೂ ಸರೋವರ ಅಷ್ಟೇ ಎತ್ತರದಲ್ಲಿತ್ತಲ್ಲ? ಆಗ ಉರಿದದ್ದು ಹೇಗೆ?

ಎತ್ತರದ_ಮನುಷ್ಯ:
ರಾತ್ರಿ ಚಳಿಗೆ ಗ್ಯಾಸ್ ಹೆಪ್ಪುಗಟ್ಟಿರುತ್ತದೆ. ಎತ್ತರವೂ ಚಳಿಯೂ ಸೇರಿದರೆ ಹೀಗೆಯೇ. ನಾನು ಕಂಡಿದ್ದೇನೆ.

ಶರಾವತಿ_ದಂಡೆ:
ಟ್ರೇಲರಿನ ಗ್ಯಾಸ್ ಪ್ರೊಪೇನ್, ಅದು ಕುದಿದು ಅನಿಲವಾಗುವುದೇ ಮೈನಸ್ 42 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಟಾಹೋ ಚಳಿ ಅದಕ್ಕೆ ಲೆಕ್ಕವೇ ಇಲ್ಲ. ಶೂನ್ಯದ ಹತ್ತಿರ ಪೇಚಾಡುವುದು ಬ್ಯೂಟೇನ್. ನಮ್ಮೂರಿನ ಅಡುಗೆ ಸಿಲಿಂಡರಿನಲ್ಲಿ ಎರಡೂ ಬೆರೆತಿರುತ್ತವೆ, ಅದನ್ನು ನೆನೆದು ಹೇಳುತ್ತಿದ್ದೀರೇನೋ.

ಕಲ್ಪತರು ಅವರೇ, ಮನೆಯಲ್ಲಿ ಪರೀಕ್ಷಿಸಿದಾಗ ಟ್ರೇಲರನ್ನು ಗ್ಯಾರೇಜಿನ ಪ್ಲಗ್ಗಿಗೆ ಸಿಕ್ಕಿಸಿದ್ದಿರಾ?

ಕಲ್ಪತರು_ಟ್ರೇಲರ್:
ಹೌದು, ಅದು ಯಾವಾಗಲೂ ಪ್ಲಗ್ಗಿನಲ್ಲೇ ಇರುತ್ತದೆ. ಅದಕ್ಕೂ ಇದಕ್ಕೂ ಏನು ಸಂಬಂಧ? ಫರ್ನೇಸ್ ಓಡುವುದು ಗ್ಯಾಸಿನಲ್ಲಿ.

ಶರಾವತಿ_ದಂಡೆ:
ಸಂಬಂಧ ಇರುವುದೇ ಅಲ್ಲಿ. ಉರಿಯುವುದು ಗ್ಯಾಸಿನಿಂದ, ಗಾಳಿ ಊದುವ ಫ್ಯಾನ್ ಓಡುವುದು 12 ವೋಲ್ಟ್ ಬ್ಯಾಟರಿಯಿಂದ. ಫರ್ನೇಸಿನೊಳಗೆ ಸೈಲ್ ಸ್ವಿಚ್ ಎಂಬ ತೆಳು ತಗಡಿನ ರೆಕ್ಕೆಯಿದೆ. ಫ್ಯಾನಿನ ಗಾಳಿ ಜೋರಾಗಿದ್ದರೆ ರೆಕ್ಕೆ ಸರಿದು ಸ್ವಿಚ್ ಆನ್ ಆಗುತ್ತದೆ, ಆಗ ಮಾತ್ರ ಗ್ಯಾಸ್ ಬಿಡಲು ಅನುಮತಿ. ಬ್ಯಾಟರಿ ಇಳಿದರೆ ಫ್ಯಾನ್ ತಿರುಗುತ್ತಲೇ ಇರುತ್ತದೆ, ಆದರೆ ರೆಕ್ಕೆಯನ್ನು ಸರಿಸುವಷ್ಟು ವೇಗ ಇರುವುದಿಲ್ಲ. ಬೆಂಕಿ ಹೊತ್ತುವುದಿಲ್ಲ, ನಿಮಗೆ ಬರುವುದು ತಣ್ಣನೆಯ ಗಾಳಿ.

ಶುಗರ್ ಪೈನ್‌ನಲ್ಲಿ ವಿದ್ಯುತ್ ಸಂಪರ್ಕವಿಲ್ಲ. ಮನೆಯಲ್ಲೂ ಅಂಗಡಿಯಲ್ಲೂ ಪ್ಲಗ್ ಇತ್ತು, ಆದ್ದರಿಂದ "ಎಲ್ಲ ಸರಿ". ಬ್ಯಾಟರಿ ಯಾವುದು? ಎಷ್ಟು ಹಳೆಯದು?

ಲಿಥಿಯಂ_ರಾಯರು:
ಸೀಸದ ಬ್ಯಾಟರಿಯನ್ನು ಇನ್ನೂ ಯಾರು ಇಟ್ಟುಕೊಳ್ಳುತ್ತಾರೆ! ನನ್ನಲ್ಲಿ 400 ಆಂಪ್-ಅವರ್ ವಿದ್ಯುತ್ ಹಿಡಿಯುವ ಲಿಥಿಯಂ ಬ್ಯಾಟರಿ, ಛಾವಣಿಯ ಮೇಲೆ 800 ವಾಟ್ ಸೋಲಾರ್. ಸರೋವರದ ದಂಡೆಯಲ್ಲಿ ಮಿಕ್ಸಿಯಲ್ಲಿ ಕಾಯಿ ಚಟ್ನಿ ರುಬ್ಬಿ ಬಿಸಿ ಇಡ್ಲಿಗೆ ಹಾಕಿಕೊಂಡಿದ್ದೇವೆ. ಪಕ್ಕದ ಟ್ರೇಲರಿನವರು ಎದ್ದು ಬಂದು ನೋಡಿದರು.

ಮೌನಪ್ರಿಯ:
ಬಂದದ್ದು ಚಟ್ನಿ ನೋಡಲು ಅಲ್ಲ ರಾಯರೇ, ಬೆಳಿಗ್ಗೆ ಆರೂವರೆಗೆ ಯಾರು ಗದ್ದಲ ಮಾಡುತ್ತಿದ್ದಾರೆಂದು ನೋಡಲು.

ಲಿಥಿಯಂ_ರಾಯರು:
ಮೌನದ ಹೊತ್ತು ಮುಗಿಯುವುದು ಆರಕ್ಕೆ. ನಿಯಮ ಓದಿ ಬನ್ನಿ. ನಿಮ್ಮ ಜನರೇಟರಿಗಿಂತ ನನ್ನ ಮಿಕ್ಸಿ ವಾಸಿ.

ಮೌನಪ್ರಿಯ:
ನನ್ನಲ್ಲಿ ಜನರೇಟರೇ ಇಲ್ಲ.

ಕಲ್ಪತರು_ಟ್ರೇಲರ್:
ದಯವಿಟ್ಟು ನನ್ನ ಫರ್ನೇಸಿಗೆ ಬನ್ನಿ. ಟ್ರೇಲರಿನ ಜೊತೆ ಬಂದ ಒಂದೇ ಬ್ಯಾಟರಿ, ಅದರ ಅಳತೆ ಗ್ರೂಪ್ 24 ಎಂದು ಬರೆದಿದೆ. ಹೊಸದಾಗಿ ಕೊಂಡ ಟ್ರೇಲರ್ ಅಲ್ಲ. ಕಾರಿನಲ್ಲಿ ನಾಲ್ಕು ಗಂಟೆ ಎಳೆದುಕೊಂಡು ಹೋಗುವಾಗ ಬ್ಯಾಟರಿ ತುಂಬಿಕೊಳ್ಳುವುದಿಲ್ಲವೇ? ಜನರೇಟರ್ ಕೂಡ ಇದೆ, ರಾತ್ರಿ ಅದನ್ನೇ ಹಚ್ಚಿದರೆ?

ಶರಾವತಿ_ದಂಡೆ:
ಕಾರಿನಿಂದ ಬರುವ ತಂತಿ ತೆಳು, ಉದ್ದ. ಬರುವ ಕರೆಂಟು ಚೂರುಪಾರು, ಅದನ್ನು ನಂಬಬೇಡಿ. ಕ್ಯಾಲಿಫೋರ್ನಿಯಾದ ಸ್ಟೇಟ್ ಪಾರ್ಕುಗಳಲ್ಲಿ ಜನರೇಟರಿಗೆ ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ಮಾತ್ರ ಅವಕಾಶ. ಹಗಲು ಹಚ್ಚಿ ಬ್ಯಾಟರಿ ತುಂಬಿಸಿಕೊಳ್ಳಿ.

ಲೆಕ್ಕ ನೋಡಿ. ಫರ್ನೇಸ್ ಫ್ಯಾನ್ 7-8 ಆಂಪ್ ಎಳೆಯುತ್ತದೆ. ಹತ್ತು ಗಂಟೆಯ ರಾತ್ರಿಯಲ್ಲಿ ಅರ್ಧ ಹೊತ್ತು ಓಡಿದರೂ 40 ಆಂಪ್-ಅವರ್ ಹತ್ತಿರ. ಗ್ಯಾಸ್ ಡಿಟೆಕ್ಟರ್, ಫ್ರಿಜ್ಜಿನ ಬೋರ್ಡ್ ಬೇರೆ. ನಿಮ್ಮ ಬ್ಯಾಟರಿ ಹೊಸದಿದ್ದಾಗಲೇ ಹಿಡಿಯುತ್ತಿದ್ದದ್ದು 75 ಆಂಪ್-ಅವರ್ ಆಸುಪಾಸು. ಸೀಸದ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಇಳಿಸಿದರೆ ಬೇಗ ಹಾಳಾಗುತ್ತದೆ. ಚಳಿಗೆ ಅದರ ಶಕ್ತಿ ಇನ್ನೂ ಕುಗ್ಗುತ್ತದೆ. ಮಧ್ಯರಾತ್ರಿ ಕಳೆದು ನಿಂತದ್ದರಲ್ಲಿ ಆಶ್ಚರ್ಯವಿಲ್ಲ.

ಇಂದು ರಾತ್ರಿ ಪ್ಲಗ್ ಕಿತ್ತುಹಾಕಿ ಫರ್ನೇಸ್ ಹಚ್ಚಿ, ಮಲ್ಟಿಮೀಟರಿನಲ್ಲಿ ವೋಲ್ಟೇಜ್ ಬರೆದುಕೊಳ್ಳಿ.

ಎತ್ತರದ_ಮನುಷ್ಯ:
ಬ್ಯಾಟರಿ ಬ್ಯಾಟರಿ ಎನ್ನುತ್ತೀರಿ. ಎತ್ತರದಲ್ಲಿ ಜನರೇಟರೂ ಸೋಲುತ್ತದೆ, ಸಾವಿರ ಅಡಿಗೆ ಶೇಕಡಾ ಮೂರರಂತೆ. ಎರಡು ಸಾವಿರ ವಾಟಿನದು ಅಲ್ಲಿ ಸಾವಿರದ ಆರುನೂರು ಚಿಲ್ಲರೆ ಕೊಟ್ಟರೆ ಹೆಚ್ಚು. ಎತ್ತರ ಲೆಕ್ಕಕ್ಕಿಲ್ಲವೆಂದು ಹೇಗೆ ಹೇಳುತ್ತೀರಿ?

ಶರಾವತಿ_ದಂಡೆ:
ಜನರೇಟರಿನ ವಿಷಯದಲ್ಲಿ ನಿಮ್ಮ ಮಾತು ಸರಿ. ಬ್ಯಾಟರಿ ತುಂಬಿಸಲು ಅಷ್ಟು ಧಾರಾಳ ಸಾಕು.

ಕಲ್ಪತರು_ಟ್ರೇಲರ್:
ಪ್ಲಗ್ ಕಿತ್ತೆ. ಫ್ಯಾನ್ ನಿಂತಾಗ 12.5, ತಿರುಗಲು ಶುರುವಾದೊಡನೆ 11.4, ನಾಲ್ಕು ಗಂಟೆಯ ನಂತರ 10.4. ಆಮೇಲೆ ಅದೇ ತಣ್ಣನೆಯ ಗಾಳಿ. ಬ್ಯಾಟರಿಯ ಮುಚ್ಚಳ ತೆರೆದು ಟಾರ್ಚ್ ಬಿಟ್ಟರೆ ಎರಡು ಕೋಶಗಳಲ್ಲಿ ನೀರು ತಗ್ಗಿ ತಟ್ಟೆಗಳ ತಲೆ ಬಿಳಿ ಪುಡಿ ಹಿಡಿದು ಮೇಲೆ ಕಾಣುತ್ತಿದೆ. ಅಂಗಡಿಯವರು ಮುಚ್ಚಳ ತೆರೆದೂ ನೋಡಿಲ್ಲವೆಂದಾಯಿತು!

ಶರಾವತಿ_ದಂಡೆ:
ಅದು ಮುಗಿದ ಕಥೆ. ಗಾಲ್ಫ್ ಗಾಡಿಯ 6 ವೋಲ್ಟಿನ ಬ್ಯಾಟರಿ ಎರಡನ್ನು ಸರಣಿಯಲ್ಲಿ ಜೋಡಿಸಿ, 200 ಆಂಪ್-ಅವರ್‌ಗಿಂತ ಮೇಲೆ ಸಿಗುತ್ತದೆ. ಲಿಥಿಯಂ ಆದರೆ ಇನ್ನೂ ಹಗುರ, ಆದರೆ ಶೂನ್ಯ ಡಿಗ್ರಿಯ ಕೆಳಗೆ ಅದನ್ನು ಚಾರ್ಜ್ ಮಾಡುವಂತಿಲ್ಲ.

ಲಿಥಿಯಂ_ರಾಯರು:
ನನ್ನದಕ್ಕೆ ಒಳಗೇ ಹೀಟರ್ ಇದೆ. ಫೋಟೋ ಹಾಕಲೇ?

ಮೌನಪ್ರಿಯ:
ಬೇಡ. ಕಲ್ಪತರು ಅವರೇ, ಅತ್ತೆಯವರಿಗೆ ಮುಂಚೆಯೇ ಹೇಳಿಡಿ: ಉಪ್ಪಿನಕಾಯಿ, ಚಕ್ಕುಲಿ, ಟೂತ್‌ಪೇಸ್ಟ್ ಯಾವುದನ್ನೂ ಹೊರಗಿನ ಮೇಜಿನ ಮೇಲೆ ಬಿಡುವಂತಿಲ್ಲ. ಕರಡಿ ಬರುತ್ತದೆ, ಪ್ರತಿ ಜಾಗಕ್ಕೂ ಕಬ್ಬಿಣದ ಪೆಟ್ಟಿಗೆ ಇಟ್ಟಿರುತ್ತಾರೆ. ಸೌದೆಯನ್ನೂ ಮನೆಯಿಂದ ಒಯ್ಯಬೇಡಿ, ಮರ ತಿನ್ನುವ ಹುಳುಗಳು ಜೊತೆಗೇ ಹೋಗುತ್ತವೆ. ಅಲ್ಲಿಯೇ ಕೊಳ್ಳಿ.

ಕಲ್ಪತರು_ಟ್ರೇಲರ್:
6 ವೋಲ್ಟಿನ ಎರಡು ಬ್ಯಾಟರಿ ತಂದೆ. ಹಳೆಯ ಡಬ್ಬಿಯಲ್ಲಿ ಕೂರುತ್ತಿಲ್ಲ, ಅಂಗುಲ ಎತ್ತರ. ಟ್ರೇಲರಿನ ಮೂತಿಗೆ ಬೇರೆ ಚೌಕಟ್ಟು ಬೆಸುಗೆ ಹಾಕಿಸಬೇಕೋ, ಎತ್ತರದ ಡಬ್ಬಿ ಸಿಗುತ್ತದೆಯೋ?

ಎತ್ತರದ_ಮನುಷ್ಯ:
ಡಬ್ಬಿ ಆಮೇಲೆ ನೋಡೋಣ. ರೆಗ್ಯುಲೇಟರ್ ಬದಲಿಸಿದಿರಾ?