ಹಾಕಿ ಆಡುವ ಮಗಳಿಗೆ ವಸತಿ ಶಾಲೆ: ಕೊಡಗಿಗೆ ಕಳುಹಿಸಲೇ, ಕೇರಳದಲ್ಲೇ ಉಳಿಸಲೇ?

ಕುಂಬ್ಡಾಜೆಯ ತಾಯಿ

ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಕುಂಬ್ಡಾಜೆ. ಸ್ವಲ್ಪ ಅಡಿಕೆ ತೋಟವಿದೆ. ಮಗಳು ಕನ್ನಡ ಮಾಧ್ಯಮದಲ್ಲಿ ಎಂಟನೆಯ ತರಗತಿ ಓದುತ್ತಿದ್ದಾಳೆ. ಒಂದು ಬೇಸಗೆ ರಜೆಯಲ್ಲಿ ವಿರಾಜಪೇಟೆಯಲ್ಲಿರುವ ನನ್ನ ತಮ್ಮ ಅವಳನ್ನು ಕೊಡವ ಕುಟುಂಬಗಳ ಹಾಕಿ ಪಂದ್ಯಾಟಕ್ಕೆ ಕರೆದುಕೊಂಡು ಹೋಗಿದ್ದ. ಅಜ್ಜ, ಸೊಸೆ, ಮೊಮ್ಮಗ ಒಂದೇ ತಂಡದಲ್ಲಿ ಓಡುವುದನ್ನು ನೋಡಿ ಬಂದವಳು ಆ ದಿನದಿಂದ ಸ್ಟಿಕ್ ಕೆಳಗಿಟ್ಟಿಲ್ಲ. ಆದರೆ ಇಲ್ಲಿ ಅವಳು ಆಡುವುದು ಮುರಕಲ್ಲಿನ ಮೈದಾನದಲ್ಲಿ. ಚೆಂಡು ಎಲ್ಲಿ ಪುಟಿಯುತ್ತದೆ ಎಂದು ಹೇಳುವಂತಿಲ್ಲ. ಜೊತೆಗೆ ಆಡಲು ಹುಡುಗಿಯರಿಲ್ಲ, ಹುಡುಗರು ಫುಟ್‌ಬಾಲ್ ಬಿಟ್ಟು ಬರುವುದಿಲ್ಲ. ಅವಳ ಕೈಯಲ್ಲಿ ಆಟವಿದೆ ಎಂದು ತಮ್ಮನ ಊರಿನ ತರಬೇತುದಾರರೊಬ್ಬರು ನೋಡಿಯೇ ಹೇಳಿದ್ದಾರೆ. ತಾಯಿಯ ಮೋಹದಿಂದ ಹೇಳುವ ಮಾತಲ್ಲ ಇದು.

ಒಂಬತ್ತನೆಯ ತರಗತಿಗೆ ಎಲ್ಲಿಗೆ ಸೇರಿಸುವುದು? ಕೊಡಗಿನ ಕ್ರೀಡಾ ವಸತಿ ನಿಲಯವೇ, ತಿರುವನಂತಪುರದ ಜಿ.ವಿ. ರಾಜಾ ಕ್ರೀಡಾ ಶಾಲೆಯೇ, ಅಥವಾ ಸುಮ್ಮನೆ ಒಳ್ಳೆಯದೊಂದು ವಸತಿ ಶಾಲೆಯೇ? ಅವಳ ಅಪ್ಪನಿಗೆ ಹೆಣ್ಣುಮಗುವನ್ನು ಅಷ್ಟು ದೂರ ಬಿಡಲು ಮನಸ್ಸಿಲ್ಲ. ನನಗೆ ಅವಳ ಓದು ಮತ್ತು ಕನ್ನಡ ಎರಡೂ ಉಳಿಯಬೇಕು. ಪದಕಗಳ ಪಟ್ಟಿ ಬೇಡ, ಅಲ್ಲಿ ಮಕ್ಕಳು ಹೇಗೆ ಬದುಕುತ್ತಾರೆ ಎಂದು ಕಂಡವರು ದಯವಿಟ್ಟು ಹೇಳಿ.

ಗೋಣಿಕೊಪ್ಪಲಿನ ಅಪ್ಪ

ಅಕ್ಕಾ, ನನ್ನ ಮಗಳು ಕ್ರೀಡಾ ವಸತಿ ನಿಲಯದಲ್ಲಿದ್ದಾಳೆ, ಆದ್ದರಿಂದ ಕಂಡದ್ದನ್ನೇ ಹೇಳುತ್ತೇನೆ. ಬೆಳಕು ಹರಿಯುವ ಮೊದಲೇ ಏಳುತ್ತಾರೆ, ಅಭ್ಯಾಸ, ಶಾಲೆ, ಸಂಜೆ ಮತ್ತೆ ಅಭ್ಯಾಸ. ರಾತ್ರಿ ಪುಸ್ತಕ ಹಿಡಿದರೆ ಕಣ್ಣು ಮುಚ್ಚಿಹೋಗುತ್ತದೆ. ಓದಿಸುವವರು ಯಾರಾದರೂ ಜೊತೆಗೆ ಕೂರುತ್ತಾರೆಯೇ ಎಂಬುದೇ ನಾನು ಕೇಳಿದ ಮೊದಲ ಪ್ರಶ್ನೆ. ನೀವೂ ಅದನ್ನೇ ಕೇಳಿ.

ಜಿಲ್ಲೆಯಲ್ಲಿ ಪೊನ್ನಂಪೇಟೆ, ಕೂಡಿಗೆ ಎರಡೂ ಕಡೆ ಕೃತಕ ಹುಲ್ಲಿನ ಮೈದಾನವಿದೆ. ಮಡಿಕೇರಿಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರವಿದೆ. ಮಡಿಕೇರಿಯ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕಚೇರಿಗೆ ಈಗಲೇ ಹೋಗಿ. ಕೇರಳದಲ್ಲಿ ಕಲಿತ ಮಗುವನ್ನು ತೆಗೆದುಕೊಳ್ಳುತ್ತಾರೆಯೇ, ಈ ಬಾರಿ ಹುಡುಗಿಯರಿಗೆ ಯಾವ ತರಗತಿಯಲ್ಲಿ ಸ್ಥಾನವಿದೆ ಎಂದು ಬಾಯಿಮಾತಿನಲ್ಲಿ ಅಲ್ಲ, ಬರಹದಲ್ಲಿ ಕೇಳಿ ಪಡೆಯಿರಿ.

ಪ್ರಾಂಶುಪಾಲರ ಕೋಣೆ ನೋಡಿ ಹಿಂತಿರುಗಬೇಡಿ. ಸಂಜೆ ಅಭ್ಯಾಸದ ಹೊತ್ತಿಗೆ ಹೋಗಿ ಮೈದಾನದ ಬದಿಯಲ್ಲಿ ನಿಲ್ಲಿ. ಗಾಯಗೊಂಡ ಹುಡುಗಿ ಎಲ್ಲಿ ಕುಳಿತಿದ್ದಾಳೆ, ಅವಳ ಹತ್ತಿರ ಯಾರಾದರೂ ಬರುತ್ತಾರೆಯೇ ನೋಡಿ. ರಾತ್ರಿ ನಿಲಯದಲ್ಲಿ ಉಳಿಯುವ ಮಹಿಳಾ ವಾರ್ಡನ್ ಯಾರು, ಜ್ವರ ಬಂದರೆ ಆಸ್ಪತ್ರೆಗೆ ಕರೆದೊಯ್ಯುವವರು ಯಾರು ಎಂದು ಹೆಸರು ಹಿಡಿದು ಕೇಳಿ. ಉತ್ತರ ತಡವರಿಸಿದರೆ ಅಲ್ಲಿಗೆ ಬಿಡಬೇಡಿ.

ದಾರಿಯ ವಿಷಯ: ನಿಮಗೆ ಜಾಲ್ಸೂರು, ಸುಳ್ಯ, ಸಂಪಾಜೆ ಘಾಟಿ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದು ಆ ರಸ್ತೆಯೇ ಮುಚ್ಚಿಹೋಗಿತ್ತು. ಮಳೆಗಾಲದಲ್ಲಿ ಬೇಕೆಂದಾಗ ಹೋಗಿಬರುವ ಭರವಸೆ ಇಟ್ಟುಕೊಳ್ಳಬೇಡಿ. ವಿರಾಜಪೇಟೆಯಲ್ಲಿ ನಿಮ್ಮ ತಮ್ಮ ಇರುವುದು ದೊಡ್ಡ ಬಲ. ಸ್ಥಳೀಯ ಪೋಷಕರೆಂದು ಅವರ ಹೆಸರನ್ನೇ ಬರೆಸಿ.

ಮಂಜೇಶ್ವರದ ನಿವೃತ್ತ ಅಧ್ಯಾಪಕ

ತಂಗೀ, ಆಟದ ಬಗ್ಗೆ ತಿಳಿದವರು ಹೇಳಲಿ, ನಾನು ಕಾಗದಪತ್ರದ ಮಾತು ಹೇಳುತ್ತೇನೆ. ನಮ್ಮ ಜಿಲ್ಲೆಯ ಪೆರಿಯದಲ್ಲಿರುವ ನವೋದಯ ವಿದ್ಯಾಲಯಕ್ಕೆ ಒಂಬತ್ತನೆಯ ತರಗತಿಗೂ ಪ್ರವೇಶ ಪರೀಕ್ಷೆಯಿದೆ, ಹುಡುಗಿಯರಿಗೆ ಮಾಸಿಕ ಶುಲ್ಕವಿಲ್ಲ. ಕೊಡಗಿನ ಗಾಳಿಬೀಡಿನ ನವೋದಯಕ್ಕೆ ನೀವು ಅರ್ಜಿ ಹಾಕುವಂತಿಲ್ಲ, ಏಕೆಂದರೆ ಮಗು ಓದುತ್ತಿರುವ ಜಿಲ್ಲೆಯ ವಿದ್ಯಾಲಯಕ್ಕೆ ಮಾತ್ರ ಅವಕಾಶ. ಓದಿನ ಮಟ್ಟಿಗೆ ಪೆರಿಯ ಒಳ್ಳೆಯದು. ಆದರೆ ಗಣಿತ, ವಿಜ್ಞಾನ ಇಂಗ್ಲಿಷಿನಲ್ಲಿ. ದಿನದ ಎರಡು ಹೊತ್ತು ಹಾಕಿಗೇ ಸಿಗುವ ಜಾಗವೂ ಅದಲ್ಲ.

ಕರ್ನಾಟಕಕ್ಕೆ ಹೋದರೆ ಕನ್ನಡದಲ್ಲೇ ಎಸ್ಸೆಸ್ಸೆಲ್ಸಿ ಬರೆಯಬಹುದು, ಮಗುವಿಗೆ ಅದು ದೊಡ್ಡ ನೆಮ್ಮದಿ. ಒಂದು ವಿಷಯ ಮಾತ್ರ ಯಾರೂ ಹೇಳುವುದಿಲ್ಲ: ಶಾಲಾ ಕ್ರೀಡಾಕೂಟಗಳಲ್ಲಿ ಮಗು ಓದುವ ರಾಜ್ಯದ ಪರವಾಗಿ ಆಡಬೇಕು. ದೇಶದ ಹಾಕಿ ಸಂಸ್ಥೆಯಾದ ಹಾಕಿ ಇಂಡಿಯಾದ ನೋಂದಣಿ ಕೇರಳದಲ್ಲಿ ಈಗಾಗಲೇ ಆಗಿದ್ದರೆ ರಾಜ್ಯ ಬದಲಾವಣೆಗೆ ಬೇರೆಯೇ ಕ್ರಮವಿದೆ. ಸೇರಿಸುವ ಮೊದಲೇ ವಿಚಾರಿಸಿ, ಪಂದ್ಯಾಟದ ಹಿಂದಿನ ವಾರ ಓಡಾಡಬೇಡಿ. ಇನ್ನು ಕರ್ನಾಟಕದ ವೃತ್ತಿ ಶಿಕ್ಷಣದ ಪ್ರವೇಶ ಪರೀಕ್ಷೆಯಾದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆ ಅವಕಾಶವಿದೆ. ಅದಕ್ಕೆ ಎಲ್ಲಿ ಎಷ್ಟು ವರ್ಷ ಕಲಿತರು ಎಂಬ ದಾಖಲೆ ಬೇಕು. ಒಂದನೆಯ ತರಗತಿಯಿಂದ ಇಲ್ಲಿಯವರೆಗಿನ ವ್ಯಾಸಂಗ ಪ್ರಮಾಣಪತ್ರವನ್ನು ವರ್ಗಾವಣೆ ಪತ್ರದ ಜೊತೆಗೇ ಮಾಡಿಸಿಕೊಳ್ಳಿ.

ಉಪ್ಪಳದ ಪಿ.ಟಿ. ಟೀಚರ್

ನಾನು ಕಾಲೇಜು ಮುಗಿಯುವವರೆಗೂ ಡಿಫೆನ್ಸ್‌ನಲ್ಲಿ ಆಡಿದವಳು. ಗೋಣಿಕೊಪ್ಪಲಿನ ಅಣ್ಣ ಹೇಳಿದ್ದನ್ನೆಲ್ಲ ಒಪ್ಪುತ್ತೇನೆ. ಕೇರಳವನ್ನು ಒಂದೇ ಮಾತಿಗೆ ಬಿಡಬೇಡಿ, ಭಾರತ ತಂಡದ ಗೋಲ್‌ಕೀಪರ್ ಆಗಿದ್ದ ಶ್ರೀಜೇಶ್ ಗೋಲ್ ಕಾಯಲು ಕಲಿತದ್ದು ಜಿ.ವಿ. ರಾಜಾ ಶಾಲೆಯಲ್ಲೇ. ಕೊಲ್ಲಂನಲ್ಲೂ 2015ರ ರಾಷ್ಟ್ರೀಯ ಕ್ರೀಡಾಕೂಟ ನಡೆದ ಹಾಕಿ ಮೈದಾನವಿದೆ. ಆದರೆ ಕನ್ನಡದಲ್ಲಿ ಕಲಿತ ಹದಿಮೂರರ ಹುಡುಗಿ ಒಂದೇ ಸಲಕ್ಕೆ ಮನೆ, ಭಾಷೆ, ಮೈದಾನ ಮೂರನ್ನೂ ಬದಲಿಸುವುದು ಕಷ್ಟ. ನನ್ನ ಮತ ಕೊಡಗಿಗೆ.

ಮುರಕಲ್ಲಿನಲ್ಲಿ ಕಲಿತವರು ಪುಟಿಯುವ ಚೆಂಡಿಗೆ ಹೆದರಿ ನೆಟ್ಟಗೆ ನಿಂತು ಆಡುತ್ತಾರೆ. ಕೃತಕ ಹುಲ್ಲಿನಲ್ಲಿ ಚೆಂಡು ನೆಲಕ್ಕಂಟಿಕೊಂಡು ವೇಗವಾಗಿ ಬರುತ್ತದೆ, ಸೊಂಟ ಬಗ್ಗಿಸಿ ಸ್ಟಿಕ್ ತಗ್ಗಿಸಬೇಕು. ಮೊದಲ ತಿಂಗಳುಗಳಲ್ಲಿ ಅವಳು ಹಿಂದೆ ಬೀಳುತ್ತಾಳೆ, ಅಳುತ್ತಾಳೆ. ಅದನ್ನು ನೋಡಿ ವಾಪಸು ಕರೆತರಬೇಡಿ.

ಮಂಡಿಯ ಬಗ್ಗೆ ತರಬೇತುದಾರರನ್ನು ಕೇಳಲೇಬೇಕು. ಈ ವಯಸ್ಸಿನ ಹುಡುಗಿಯರಿಗೆ ಮಂಡಿಯ ಒಳಗಿನ ಅಸ್ಥಿರಜ್ಜು ಹರಿಯುವ ಅಪಾಯ ಹುಡುಗರಿಗಿಂತ ಹೆಚ್ಚು. ನೆಗೆದು ಇಳಿಯುವುದನ್ನು, ತಿರುಗುವುದನ್ನು ಸರಿಯಾಗಿ ಕಲಿಸಿದರೆ ಆ ಅಪಾಯ ತಗ್ಗುತ್ತದೆ. ಅದನ್ನು ಬಿಸಿಯೇರಿಸುವ ವ್ಯಾಯಾಮದಲ್ಲೇ ಮಾಡಿಸುತ್ತಾರೆಯೇ? ಮುಟ್ಟಿನ ದಿನ ವಿಶ್ರಾಂತಿ ಬೇಕೆಂದು ಹೇಳಲು ಮಹಿಳಾ ತರಬೇತುದಾರರಿದ್ದಾರೆಯೇ? ಹೋಗುವ ಮೊದಲು ಒಮ್ಮೆ ಹಿಮೋಗ್ಲೋಬಿನ್ ನೋಡಿಸಿ. ರಕ್ತ ಕಡಿಮೆಯಿದ್ದು ಓಡಲಾಗದ ಮಕ್ಕಳನ್ನು ಸೋಮಾರಿಗಳೆಂದು ಬೈಯುವುದನ್ನು ನಾನು ಕಂಡಿದ್ದೇನೆ, ಇಂದಿಗೂ ಸಿಟ್ಟು ಬರುತ್ತದೆ.

ಕುಂಬ್ಡಾಜೆಯ ತಾಯಿ

ಮಾಸ್ಟ್ರೇ, ಟೀಚರ್, ಅಣ್ಣಾ, ಎಲ್ಲವನ್ನೂ ಅವಳ ಅಪ್ಪನಿಗೆ ಓದಿ ಹೇಳಿದೆ. ವಾರ್ಡನ್ ವಿಷಯ ಕೇಳಿದ ಮೇಲೆ ತಾವೇ ಬಂದು ನೋಡುತ್ತೇನೆ ಎಂದರು. ಮುಂದಿನ ವಾರ ಮಡಿಕೇರಿಯ ಕಚೇರಿಗೆ ಹೋಗಿ, ಅಲ್ಲಿಂದ ಕೂಡಿಗೆ ನೋಡಿ, ರಾತ್ರಿ ತಮ್ಮನ ಮನೆಯಲ್ಲಿ ಉಳಿದು ಮರುದಿನ ಪೊನ್ನಂಪೇಟೆ. ಮಗಳೂ ಬರುತ್ತಾಳೆ. ಅಣ್ಣಾ, ಪೊನ್ನಂಪೇಟೆಯಲ್ಲಿ ಸಂಜೆಯ ಅಭ್ಯಾಸ ಎಷ್ಟು ಗಂಟೆಗೆ ಶುರುವಾಗುತ್ತದೆ? ಸ್ಟಿಕ್, ಶೂ ತಂದರೆ ಅವಳನ್ನು ಸ್ವಲ್ಪ ಹೊತ್ತು ಆಡಲು ಬಿಡುತ್ತಾರೆಯೇ?