ಪದಚರ್ಚೆ: ಕರುಳಿನ ಕಾಯಿಲೆ 'ರೆಮಿಷನ್‌'ಗೆ ಬಂದರೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ತುರ್ತಾಗಿ ಒಂದು ಪದ ಬೇಕು. ಸಣ್ಣ ಕರುಳಿನ ಉರಿಯೂತದ ಕಾಯಿಲೆಗಳ ಬಗ್ಗೆ, ಮುಖ್ಯವಾಗಿ ಕ್ರೋನ್ಸ್ ಮತ್ತು ಸೀಲಿಯಾಕ್ ಬಗ್ಗೆ, ರೋಗಿಗಳ ಕೈಗೆ ಕೊಡುವ ಎರಡು ಪುಟದ ಕರಪತ್ರ ಅನುವಾದ ಮಾಡುತ್ತಿದ್ದೇನೆ. ನಾಳೆ ಬೆಳಗ್ಗೆ ಅಚ್ಚಿಗೆ ಹೋಗಬೇಕು. 'ರೆಮಿಷನ್' ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ. ಅಂದರೆ ಕಾಯಿಲೆ ಪೂರ್ತಿ ಹೋಗದೆ ಸದ್ಯಕ್ಕೆ ಸುಮ್ಮನಾಗಿರುವ ಸ್ಥಿತಿ. ವಾಕ್ಯ ಹೀಗಿದೆ: 'ಸ್ಟೆರಾಯ್ಡ್‌ನಿಂದ ಕ್ರೋನ್ಸ್ ರೆಮಿಷನ್‌ಗೆ ಬರಬಹುದು, ಆದರೆ ಹಾಗೇ ಉಳಿಯಲು ಬೇರೆ ಔಷಧಿ ಬೇಕು.' 'ಗುಣವಾಗುತ್ತದೆ' ಅಂದರೆ ಸುಳ್ಳಾಗುತ್ತದೆ. 'ಉಪಶಮನ' ಅಂದರೆ ನೋವು ಸ್ವಲ್ಪ ಕಡಿಮೆಯಾಯ್ತು ಅಂತಷ್ಟೇ ಕೇಳಿಸುತ್ತದೆ.

ಇನ್ನೊಂದು ತಲೆನೋವು 'ಇಲಿಯಂ'. ಸಣ್ಣ ಕರುಳಿನ ಕೊನೆಯ ಭಾಗಕ್ಕೂ ಸೊಂಟದ ಮೂಳೆಗೂ ಇಂಗ್ಲಿಷಿನಲ್ಲಿ ಒಂದೇ ಅಕ್ಷರದ ವ್ಯತ್ಯಾಸ. ಕನ್ನಡದಲ್ಲಿ ಬರೆದರೆ ಅದೂ ಇಲ್ಲ. ಮೇಲಾಗಿ ಓದುವವರಿಗೆ ಮೊದಲು ಕಾಣುವುದು ಇಲಿ.

* * *

> 'ರೆಮಿಷನ್' ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ

ಬಿಡುವು. ಮುಗೀತು.

ಜ್ವರ ಬಿಟ್ಟಿತು ಅನ್ನುತ್ತೇವೆ ಅಲ್ವಾ? ಹಾಗೇ ಬೇನೆಯೂ ಬಿಡುತ್ತದೆ. ಲ್ಯಾಟಿನ್ನಿನ ಬೇರಿನಲ್ಲೂ ಇರುವುದು 'ಹಿಂದಕ್ಕೆ ಬಿಡು' ಅನ್ನುವ ತಿರುಳೇ. ನಮ್ಮದೇ ಪದ ಇರುವಾಗ ಸಂಸ್ಕ್ರುತದ ಬಾಗಿಲಿಗೆ ಯಾಕೆ ಹೋಗಬೇಕು? ಗ್ಲುಟನ್ (ಸೀಲಿಯಾಕ್‌ನವರಿಗೆ ಆಗದ, ಗೋದಿಯಲ್ಲಿರುವ ಪ್ರೋಟೀನ್) ಅನ್ನೂ ಬಿಡಬೇಡಿ, ಲ್ಯಾಟಿನ್ನಿನಲ್ಲಿ ಅದರ ಅರ್ತವೇ ಅಂಟು. 'ಅಂಟು' ಅಂತ ಬರೆಯಿರಿ. ಇಲಿಯಂಗೆ 'ಸುರುಳಿಗರುಳು', ಗ್ರೀಕಿನಲ್ಲಿ ಸುತ್ತು ಅಂತ. ಸಣ್ಣ ಕರುಳಿನ ನಡುಬಾಗ ಜೆಜುನಂಗೆ 'ಬರಿಗರುಳು', ಹೆಣ ಕೊಯ್ದಾಗ ಅದು ಬರಿದಾಗಿ ಕಾಣುತ್ತಿತ್ತು ಅಂತ ಹಳಬರು ಆ ಹೆಸರಿಟ್ಟರು. ಕ್ರೋನ್ಸ್‌ಗೆ 'ಕ್ರೋನನ ಬೇನೆ'.

* * *

ಮಹಾಪ್ರಾಣ ಬಿಟ್ಟರೆ ಕನ್ನಡ ಉಳಿಯುತ್ತದೆ ಅನ್ನುವವರ ಜೊತೆ ವಾದ ಬೇಡ ಅಂದುಕೊಂಡಿದ್ದೆ. ಆದರೂ ಹೇಳುತ್ತೇನೆ. 'ಕ್ರೋನನ ಬೇನೆ' ಅಂದರೆ ಪಾಪ ಆ ಕ್ರೋನ್ ಡಾಕ್ಟರಿಗೇ ಬಂದ ಬೇನೆ ಅಂತ ಓದಿಕೊಳ್ಳುತ್ತಾರೆ. ಇಲಿಯಂ ಬರುವುದು ಲ್ಯಾಟಿನ್ನಿನಲ್ಲಿ ಪಕ್ಕೆ, ತೊಡೆಸಂದಿ ಅನ್ನುವ ಪದದಿಂದ, ಸೊಂಟದ ಮೂಳೆಯ ಹೆಸರೂ ಅಲ್ಲಿಂದಲೇ. ಗ್ರೀಕಿನ 'ಸುತ್ತು' ಜೊತೆಗೆ ಬೆರೆತದ್ದು. ಅರ್ಧ ಓದಿ ಪದ ಕಟ್ಟಬಾರದು.

ನನ್ನ ಆಸಕ್ತಿ 'ಉರಿಯೂತ'ದ ಮೇಲೆ. ರೋಮನ್ ಬರಹಗಾರ ಸೆಲ್ಸಸ್ ಇದಕ್ಕೆ ನಾಲ್ಕು ಲಕ್ಷಣ ಹೇಳಿದ್ದ: ಕೆಂಪು, ಊತ, ಬಿಸಿ, ನೋವು. ಕನ್ನಡ ಅದರಲ್ಲಿ ಎರಡನ್ನು ಹಿಡಿದು ಒಂದೇ ಪದ ಮಾಡಿದೆ. ಇಂಗ್ಲಿಷಿನದು ಬರೀ ಬೆಂಕಿಯ ಪದ, ನಮ್ಮದರಲ್ಲಿ ಬೆಂಕಿಯೂ ಇದೆ, ಬಾವೂ ಇದೆ. 'ಇಲಿಯೈಟಿಸ್' (ಇಲಿಯಂನ ಉರಿಯೂತ) ಅನ್ನುವಾಗಿನ 'ಐಟಿಸ್' ಗ್ರೀಕಿನಲ್ಲಿ ಬರೀ 'ಸಂಬಂಧಪಟ್ಟದ್ದು' ಅನ್ನುವ ಪ್ರತ್ಯಯ, 'ರೋಗ' ಅನ್ನುವ ಪದ ಜೊತೆಗಿದ್ದು ಉದುರಿಹೋಯಿತು. ಇಷ್ಟು ಒಳ್ಳೆಯ ಪದ ಕೈಯಲ್ಲಿರುವಾಗ ಬೇರೆಯದು ಯಾಕೆ? ರೆಮಿಷನ್‌ಗೆ 'ಉಪಶಮನ'ವೇ ಸರಿ.

* * *

ಮೇಷ್ಟ್ರೇ, ಕ್ಷಮಿಸಿ, ಉರಿಯೂತ ನಿಮಗೆ ಚೆಂದ. ನನ್ನಂಥ ರೋಗಿಗೆ ಅದೇ ಕಷ್ಟ ಕೊಟ್ಟಿತು. ಬಲಗಡೆ ಕೆಳಹೊಟ್ಟೆ ನೋವು, ತಿಂಗಳುಗಟ್ಟಲೆ ಭೇದಿ, ತೂಕ ಇಳಿಯುತ್ತಿತ್ತು. 'ಕರುಳಿನ ಉರಿಯೂತ ಇರಬಹುದು, ಪರೀಕ್ಷೆ ಮಾಡಿಸಿ' ಅಂದರು. ನನಗೆ ಉರಿಯೇ ಇಲ್ವಲ್ಲ ಅಂದುಕೊಂಡೆ. ಎದೆಯುರಿಯ ಹಾಗೆ ಇದೂ ಆ್ಯಸಿಡ್ ಇರಬೇಕು ಅಂತ ಅದರ ಮಾತ್ರೆ ನುಂಗುತ್ತಾ ವರ್ಷ ಕಳೆದೆ. ಕೊನೆಗೆ ನೋಡಿದರೆ ಕರುಳು ಒಂದು ಕಡೆ ಕಿರಿದಾಗಿತ್ತು. ಪದದ್ದೇ ಪೂರ್ತಿ ತಪ್ಪು ಅಂತಲ್ಲ, ನನ್ನ ದಡ್ಡತನವೂ ಇತ್ತು. ಮನೆಯಲ್ಲಿ ಹೊಟ್ಟೆಯುರಿ ಅಂತ ಹೇಳಿದರೆ ಯಾರ ಮೇಲೆ ಅಂತ ಕೇಳ್ತಾರೆ, ಅದು ಬೇರೆ.

* * *

ಡಾಕ್ಟರ್ ಆಗಿ ಎರಡು ಮಾತು. ಮೊದಲು 'ಬಿಡುವು' ತೆಗೆಯಿರಿ. ರೋಗಕ್ಕೆ ಬಿಡುವು ಅಂದ ಕೂಡಲೇ ಜನ ಮಾತ್ರೆಗೂ ಬಿಡುವು ಕೊಡುತ್ತಾರೆ. ಸೀಲಿಯಾಕ್‌ನಲ್ಲಿ ಜೀವನಪೂರ್ತಿ ಬಿಡಬೇಕಾದದ್ದು ಗ್ಲುಟನ್, ಕ್ರೋನ್ಸ್‌ನಲ್ಲಿ ಹೇಳದೆ ಕೇಳದೆ ಬಿಡಬಾರದ್ದು ಔಷಧಿ. ಒಂದೇ ಪುಟದಲ್ಲಿ ಎಷ್ಟು 'ಬಿಡು' ಅಂತೀರಿ? ಸೀಲಿಯಾಕ್‌ನಲ್ಲೂ ರಕ್ತ ಪರೀಕ್ಷೆ ಮತ್ತು ಬಯಾಪ್ಸಿ ಆಗುವ ತನಕ ಗೋದಿ ಬಿಡಬಾರದು. ಮೊದಲೇ ಬಿಟ್ಟರೆ ಕರುಳು ಸುಧಾರಿಸಿಕೊಂಡು ಪರೀಕ್ಷೆಯಲ್ಲಿ ರೋಗ ಸಿಗದೇ ಹೋಗಬಹುದು. ಇದು ಕರಪತ್ರದಲ್ಲಿ ಇಲ್ಲದಿದ್ದರೆ ಸೇರಿಸಿ. 'ಅಂಟು' ಅಂತೂ ಬೇಡವೇ ಬೇಡ. 'ಅಂಟಿನಿಂದ ಬರುವ ರೋಗ' ಅಂತ ಬರೆದರೆ ಅಂಟುರೋಗ ಅಂತಲೇ ಓದಿ ತಟ್ಟೆ ಲೋಟ ಬೇರೆ ಇಡುತ್ತಾರೆ.

ಇನ್ನು ಉಪಶಮನ. ಕ್ರೋನ್ಸ್‌ನಲ್ಲಿ ಹೊಟ್ಟೆ ಸುಮ್ಮನಿದೆ ಅಂದರೆ ಕರುಳೂ ಸುಮ್ಮನಿದೆ ಅಂತಲ್ಲ. ಅದಕ್ಕೇ ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ (ಕರುಳಿನಲ್ಲಿ ಉರಿಯೂತ ಇದ್ದರೆ ಹೆಚ್ಚಾಗುವ ಪ್ರೋಟೀನ್) ನೋಡುತ್ತೇವೆ, ಕೊಲೊನೋಸ್ಕೋಪಿಯಲ್ಲಿ ದೊಡ್ಡ ಕರುಳು ದಾಟಿ ಸಣ್ಣ ಕರುಳಿನ ತುದಿಗೂ ಹೋಗುತ್ತೇವೆ, ಅದು ತಲುಪದ ಕಡೆಗೆ ಎಂಆರ್ ಸ್ಕ್ಯಾನ್. ಕ್ಯಾಪ್ಸೂಲ್ ಕ್ಯಾಮೆರಾ ಇದೆ, ಆದರೆ ಕರುಳು ಕಿರಿದಾಗಿದ್ದರೆ ಅದೇ ಒಳಗೆ ಸಿಕ್ಕಿಕೊಳ್ಳಬಹುದು. ಕ್ಷಯವೂ ಅದೇ ಜಾಗಕ್ಕೆ ಬಂದು ಕ್ರೋನ್ಸ್ ವೇಷ ಹಾಕುವುದುಂಟು, ಅದನ್ನು ನೋಡದೆ ಸ್ಟೆರಾಯ್ಡ್ ಕೊಟ್ಟರೆ ಅಪಾಯ. ನೋವು ಹೋದದ್ದಕ್ಕೂ ಊತ ಇಳಿದದ್ದಕ್ಕೂ ಒಂದೇ ಪದ ಕೊಟ್ಟರೆ ಇಷ್ಟೆಲ್ಲ ಯಾಕೆ ಮಾಡಿಸಬೇಕು ಅಂತ ರೋಗಿಗೆ ಅರ್ಥವಾಗುವುದಿಲ್ಲ.

ಕ್ರೋನ್ಸ್ ಅನ್ನು ಮುಟ್ಟಬೇಡಿ. 1932ರಲ್ಲಿ ಕ್ರೋನ್, ಗಿನ್ಜ್‌ಬರ್ಗ್, ಓಪನ್‌ಹೈಮರ್ ಮೂವರೂ ಸೇರಿ ಬರೆದ ಲೇಖನ ಅದು, ಅಕ್ಷರಮಾಲೆಯಲ್ಲಿ ಮುಂದಿದ್ದವನ ಹೆಸರು ಉಳಿಯಿತು. ಅವರು ಇಟ್ಟ 'ಇಲಿಯೈಟಿಸ್' ಅನ್ನುವ ಹೆಸರೇ ಸಾಲದಾಯ್ತು, ಯಾಕೆಂದರೆ ಈ ಕಾಯಿಲೆ ಬಾಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಬರಬಹುದು. ಅರ್ಥ ನೋಡಿ ಇಟ್ಟ ಹೆಸರು ತಪ್ಪಾಯ್ತು, ಅರ್ಥವಿಲ್ಲದ ಹೆಸರು ಬಾಳಿತು.

* * *

> ಕ್ರೋನ್ಸ್ ಅನ್ನು ಮುಟ್ಟಬೇಡಿ

ಡಾಕ್ಟರುಗಳಿಗೆ ಕನ್ನಡ ಮುಟ್ಟದಿದ್ದರೆ ಸಾಕು. ಎಲ್ಲವನ್ನೂ ಎರವಲು ತಂದರೆ ಕನ್ನಡದಲ್ಲಿ ಉಳಿಯುವುದು ವಿಬಕ್ತಿ ಮಾತ್ರ.

* * *

ಎರವಲು ಅಂದರೆ ಅಷ್ಟು ಸಿಟ್ಟಾ? ಕಾಯಿಲೆಯವರನ್ನು ನೋಡಲು ಹೋದಾಗ ಏನು ಕೇಳುತ್ತೀರಿ, 'ಹುಷಾರಾಗಿದ್ದೀರಾ' ಅಂತ ತಾನೇ? ಅದು ಪಾರ್ಸಿ ಪದ ಸ್ವಾಮಿ. 'ವಿಭಕ್ತಿ' ಸಂಸ್ಕೃತ, ಭಕಾರ ಕಿತ್ತುಹಾಕಿದರೂ ಸಂಸ್ಕೃತವೇ.

* * *

ಮೇಷ್ಟ್ರೇ, ಜಗಳ ಆಮೇಲೆ ಮುಂದುವರಿಸಿ, ನನಗೆ ರಾತ್ರಿ ಹನ್ನೊಂದಾಯ್ತು. 'ರೋಗ ಅಡಗಿದೆ' ಅಂತ ಹಾಕುತ್ತಿದ್ದೇನೆ. ಅಡಗಿದ್ದು ಹೋಗಿಲ್ಲ ಅಂತ ಕನ್ನಡ ಬಂದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮತ್ತೆ ಬಂದರೆ 'ಕೆರಳಿದೆ'. ನೋವಿಲ್ಲದಿದ್ದರೂ ಕ್ಯಾಲ್‌ಪ್ರೊಟೆಕ್ಟಿನ್ ಜಾಸ್ತಿ ಇರುವ ಕಡೆ 'ಬೂದಿ ಮುಚ್ಚಿದ ಕೆಂಡ' ಅಂತ ಬರೆದಿದ್ದೇನೆ. ಉರಿಯೂತ ಇರಲಿ, ಮೊದಲ ಸಲ ಬಂದಾಗ ಮಾತ್ರ 'ಒಳಗೋಡೆ ಕೆಂಪಾಗಿ ಊದಿಕೊಳ್ಳುವುದು, ಉರಿ ಇರಲೇಬೇಕೆಂದಿಲ್ಲ' ಅಂತ ಪಕ್ಕದಲ್ಲೇ ಸೇರಿಸಿದೆ. ತಮ್ಮ ಕಥೆ ಹೇಳಿಕೊಂಡವರಿಗೆ ಥ್ಯಾಂಕ್ಸ್.

* * *

'ಅಡಗಿದೆ' ಒಪ್ಪಿದೆ. ಅಚ್ಚಗನ್ನಡ. ಸುರುಳಿಗರುಳು ಏನಾಯ್ತು?

* * *

'ಸಣ್ಣ ಕರುಳಿನ ಕೊನೆಯ ಭಾಗ' ಅಂತ ಹಾಕಿದೆ ಸಾರ್. ಕಡತ ಈಗಷ್ಟೇ ಕಳಿಸಿದೆ.